ಗ್ರಂಥಾಲಯದ ಉಚಿತ ತೆರಿಗೆ ನೆರವು ಕೇಂದ್ರ: ಎರಡು ವರ್ಷ ಹೋಗಿಬಂದವಳ ಅನುಭವ

ಮಧ್ಯ ನ್ಯೂಜೆರ್ಸಿಯಲ್ಲಿರುವ ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಜನವರಿಯ ಕೊನೆಯಿಂದ ಏಪ್ರಿಲ್ 15ರವರೆಗೆ, ಆದಾಯ ತೆರಿಗೆ ರಿಟರ್ನ್ ಅನ್ನು ಉಚಿತವಾಗಿ ತುಂಬಿಕೊಡುವ ಕೇಂದ್ರವೊಂದು ವಾರಕ್ಕೆ ಎರಡು ದಿನ ನಡೆಯುತ್ತದೆ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಸುಮಾರು ಅರ್ಧ ಶತಮಾನದಿಂದ ಸ್ವಯಂಸೇವಕರ ಮೂಲಕ ನಡೆಸುತ್ತ ಬಂದಿರುವ ‘ವೀಟಾ’ ಎಂಬ ಕಾರ್ಯಕ್ರಮದ ಸಾವಿರಾರು ಕೇಂದ್ರಗಳಲ್ಲಿ ಇದೂ ಒಂದು. 2025ರಲ್ಲಿಯೂ ಈ ವರ್ಷವೂ ನಮ್ಮ ಮನೆಯ ರಿಟರ್ನ್ ಸಲ್ಲಿಕೆಯಾದದ್ದು ಇಲ್ಲಿಂದಲೇ. ಈ ದೇಶದಲ್ಲಿ ಕಡಿಮೆ ಸಂಬಳದ ಮೇಲೆ ಸಂಸಾರ ತೂಗಿಸುತ್ತಿರುವ ಕನ್ನಡಿಗರೂ ಇದ್ದೇವೆ. ಆದರೆ ಹಬ್ಬದ ದಿನ ನಾಲ್ಕು ಜನ ಸೇರಿದಲ್ಲಿ ಅದನ್ನು ಹೇಳಿಕೊಳ್ಳಲು ಸಂಕೋಚಪಡುತ್ತೇವೆ. ಆ ಸಂಕೋಚದಿಂದಾಗಿ ಈ ಕೇಂದ್ರದ ಸುದ್ದಿ ನನಗೆ ಒಂದು ವರ್ಷ ತಡವಾಗಿ ತಲುಪಿತು. ಬೇರೆಯವರಿಗೆ ಹಾಗಾಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮಕ್ಕಳ ಡೇಕೇರ್‌ನಲ್ಲಿ ಸಹಾಯಕ ಶಿಕ್ಷಕಿ. ನನ್ನ ಪತಿ ವೇರ್‌ಹೌಸ್ ಒಂದರಲ್ಲಿ ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ. ನಮಗೆ ಇಬ್ಬರು ಮಕ್ಕಳು. 2023ರಲ್ಲಿ ನಮ್ಮಿಬ್ಬರ ದುಡಿಮೆ ಸೇರಿ 52,000 ಡಾಲರ್ ಆಗಿತ್ತು. ಆ ವರ್ಷದ ರಿಟರ್ನ್ ಅನ್ನು ನಾವು ಮುಖ್ಯ ರಸ್ತೆಯಲ್ಲಿರುವ ಖಾಸಗಿ ತೆರಿಗೆ ಅಂಗಡಿಯೊಂದರಲ್ಲಿ ಮಾಡಿಸಿದ್ದೆವು. ಬಾಗಿಲಲ್ಲಿ ದರಪಟ್ಟಿ ಇರಲಿಲ್ಲ. ಎಲ್ಲ ತುಂಬಿ ಮುಗಿದ ಮೇಲೆ 430 ಡಾಲರ್ ಶುಲ್ಕವೆಂದೂ, ಈಗ ಕೈಯಿಂದ ಕೊಡಬೇಕಾಗಿಲ್ಲ, ರಿಫಂಡ್‌ನಲ್ಲಿಯೇ ಮುರಿದುಕೊಳ್ಳುತ್ತೇವೆಂದೂ ಹೇಳಿದರು. ಕೈಯಿಂದ ಕೊಡುವುದಿಲ್ಲವಲ್ಲ ಎಂದು ನಾವೂ ಒಪ್ಪಿದೆವು. ಕಡಿಮೆ ಆದಾಯದ ದುಡಿಮೆಗಾರರಿಗೆಂದೇ ಇರುವ ‘ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್’ ಎಂಬ ತೆರಿಗೆ ನೆರವು ಆ ವರ್ಷ ನಮಗೆ ಬಂದದ್ದು ಸುಮಾರು 1,575 ಡಾಲರ್. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಆ ಮೇಜಿನ ಮೇಲೆಯೇ ಉಳಿಯಿತು ಎಂಬುದು ನನಗೆ ತಿಳಿದದ್ದು ಮರುವರ್ಷ, ಈ ಕೇಂದ್ರದಲ್ಲಿ ಹಳೆಯ ಕಾಗದಗಳನ್ನು ತೆಗೆದಿಟ್ಟಾಗ.

2024ರಲ್ಲಿ ಪತಿಯ ಕೆಲಸದ ಗಂಟೆಗಳು ಕಡಿಮೆಯಾಗಿ ಒಟ್ಟು ದುಡಿಮೆ 38,000 ಡಾಲರ್‌ಗೆ ಇಳಿಯಿತು. ಬಾಡಿಗೆ ಮಾತ್ರ ಇಳಿಯಲಿಲ್ಲ. ಅದು ತಿಂಗಳಿಗೆ 1,900. ಆ ಚಳಿಗಾಲದಲ್ಲಿ ಒಂದೂವರೆ ತಿಂಗಳ ಬಾಡಿಗೆ ಬಾಕಿ ನಿಂತಿತ್ತು, ಕ್ರೆಡಿಟ್ ಕಾರ್ಡಿನ ಸಾಲ 3,100 ಡಾಲರ್ ಮುಟ್ಟಿತ್ತು, ಗ್ಯಾಸ್ ಮತ್ತು ಕರೆಂಟಿನ ಬಿಲ್ಲುಗಳನ್ನು ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಎಂದು ಕಟ್ಟುತ್ತಿದ್ದೆವು. ಕಷ್ಟವೆಂದರೆ ಇಲ್ಲಿ ಹಸಿವೆಯೇ ಆಗಬೇಕೆಂದಿಲ್ಲ. ಅಂಚೆಯ ಲಕೋಟೆಯನ್ನು ಒಡೆಯದೆ ಎರಡು ದಿನ ಫ್ರಿಜ್ಜಿನ ಮೇಲೆ ಇಡುವುದು ಕೂಡ ಕಷ್ಟದ ಒಂದು ರೂಪವೇ.

ಕೇಂದ್ರಕ್ಕೆ ಮೊದಲ ಬಾರಿ ಹೋದದ್ದು 2025ರ ಫೆಬ್ರವರಿ 1ರ ಶನಿವಾರ. ಬಾಗಿಲಲ್ಲಿ ಒಂದು ಪ್ರಶ್ನಾವಳಿ ಕೊಟ್ಟರು. ಮನೆಯಲ್ಲಿ ಯಾರ್‍ಯಾರಿದ್ದಾರೆ, ಮಕ್ಕಳು ವರ್ಷದಲ್ಲಿ ಎಷ್ಟು ತಿಂಗಳು ನಿಮ್ಮೊಂದಿಗಿದ್ದರು, ಬೇರೆ ಯಾವ ಆದಾಯವಿದೆ ಎಂಬ ಪ್ರಶ್ನೆಗಳಿದ್ದ ಆ ಕಾಗದವನ್ನು ತುಂಬಿ ಕಾದು ಕುಳಿತೆವು. ನಮ್ಮ ಸರದಿ ಬಂದಾಗ ಎದುರಿಗೆ ಕುಳಿತವರು ನಿವೃತ್ತ ಗಣಿತ ಶಿಕ್ಷಕಿ, ಎಪ್ಪತ್ತರ ಆಸುಪಾಸಿನವರು. ಇಲ್ಲಿನ ಸ್ವಯಂಸೇವಕರು ರಿಟರ್ನ್ ಮುಟ್ಟುವ ಮೊದಲು ಐಆರ್‌ಎಸ್ ನಿಗದಿಪಡಿಸಿದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಅವರು ನಮ್ಮ ಮಾಲೀಕರು ಕೊಟ್ಟ ವರ್ಷದ ಸಂಬಳದ ಲೆಕ್ಕವಾದ ಡಬ್ಲ್ಯು-2 ಕಾಗದಗಳನ್ನು ನೋಡಿ, ನನ್ನ ಮತ್ತು ಪತಿಯ ಗುರುತಿನ ಚೀಟಿ ಪರಿಶೀಲಿಸಿ, ನಾಲ್ವರ ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಅಂದರೆ ಸರ್ಕಾರ ಕೊಟ್ಟ ಗುರುತು ಸಂಖ್ಯೆಯ ಚೀಟಿ, ಕೇಳಿದರು. ಮಗಳ ಕಾರ್ಡ್ ತಂದಿರಲಿಲ್ಲ. ಸಂಖ್ಯೆ ಬಾಯಿಪಾಠವಿದೆ ಎಂದರೂ ಅವರು ಒಪ್ಪಲಿಲ್ಲ. ಎರಡೂವರೆ ಗಂಟೆ ಕಾದು ಬರಿಗೈಯಲ್ಲಿ ಹಿಂತಿರುಗಿದೆವು. ಆ ದಿನ ಬೇಸರವಾಗಿತ್ತು; ಆದರೆ ಹೆಸರು ಅಥವಾ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೂ ಆ ಮಗುವಿನ ಲೆಕ್ಕದ ಹಣ ತಿಂಗಳುಗಟ್ಟಲೆ ನಿಂತುಬಿಡಬಹುದೆಂದು ತಿಳಿದ ಮೇಲೆ ಅವರ ಹಠ ಸರಿಯೆನಿಸಿತು.

ಫೆಬ್ರವರಿ 8ರಂದು ಮತ್ತೆ ಹೋದಾಗ ಅದೇ ಅಮ್ಮನವರು ಸಿಕ್ಕಿದರು. ಈ ಸಲ ಪ್ರಶ್ನೆಗಳು ಒಂದೊಂದಾಗಿ ಬಂದವು. ಮಕ್ಕಳು ಬೇಸಿಗೆ ರಜೆಯಲ್ಲಿ ಎಲ್ಲಿದ್ದರು ಎಂದು ಕೇಳಿದರು. ದಾವಣಗೆರೆಯ ಅಜ್ಜಿಯ ಮನೆಯಲ್ಲಿ ಎರಡೂವರೆ ತಿಂಗಳಿದ್ದರು ಎಂದೆ. ಉಳಿದ ಕಾಲವೆಲ್ಲ ಇಲ್ಲಿಯೇ ಇದ್ದರೇ, ಶಾಲೆಯ ದಾಖಲೆಯಲ್ಲಿ ಇದೇ ಮನೆಯ ವಿಳಾಸವಿದೆಯೇ ಎಂದು ಮತ್ತೆ ಕೇಳಿ ಬರೆದುಕೊಂಡರು. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಅಮೆರಿಕದಲ್ಲಿ ನಮ್ಮೊಂದಿಗೆ ವಾಸವಾಗಿರಬೇಕೆಂಬುದು ಈ ಕ್ರೆಡಿಟ್‌ನ ನಿಯಮ. ಕೈಗೂಸನ್ನು ಊರಿನಲ್ಲಿ ಅಜ್ಜಿ ತಾತನ ಬಳಿ ಬಿಟ್ಟು ಬಂದು ಇಬ್ಬರೂ ದುಡಿಯುವ ನಮ್ಮ ಎಷ್ಟೋ ದಂಪತಿಗಳು ಇದನ್ನು ಗಮನಿಸಬೇಕು. ಹಿಂದಿನ ವರ್ಷದ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಕೇಳಿರಲೇ ಇಲ್ಲ. ಇಲಾಖೆಯ ಅಂದಾಜಿನಂತೆ ಈ ಕ್ರೆಡಿಟ್‌ನಲ್ಲಿ ಕೊಟ್ಟ ಹಣದ ಕಾಲು ಭಾಗದ ಆಸುಪಾಸು ತಪ್ಪು ಪಾವತಿಯಾಗುತ್ತದೆ. ಅದಕ್ಕೆ ಮೋಸಕ್ಕಿಂತ ದೊಡ್ಡ ಕಾರಣ ಮಗು ಯಾರ ಮನೆಯಲ್ಲಿ ಎಷ್ಟು ದಿನವಿತ್ತು ಎಂಬ ಇಂಥ ನಿಯಮಗಳ ಜಟಿಲತೆ ಎಂಬುದು ನನ್ನ ನಂಬಿಕೆ. ನಿಯಮವನ್ನು ಲಕ್ಷಿಸದೆ ತಪ್ಪು ಕೇಳಿಕೆ ಸಲ್ಲಿಸಿದರೆ ಎರಡು ವರ್ಷ, ಮೋಸ ಮಾಡಿದ್ದು ಸಾಬೀತಾದರೆ ಹತ್ತು ವರ್ಷ ಕ್ರೆಡಿಟ್ ಕೇಳುವಂತಿಲ್ಲ. ಹೀಗಿರುವಾಗ ಪ್ರಶ್ನೆ ಕೇಳದೆ ತುಂಬಿಕೊಡುವವರು ನಮಗೆ ಉಪಕಾರ ಮಾಡಿದಂತಲ್ಲ.

ಮುಂದಿನ ಪ್ರಶ್ನೆ ಬ್ಯಾಂಕ್ ಬಡ್ಡಿಯದು. ಭಾರತದಲ್ಲಿ ಖಾತೆ ಇದೆಯೇ ಎಂದಾಗ ನಾನು, ಎನ್‌ಆರ್‌ಇ ಎಂಬ ಅನಿವಾಸಿ ಭಾರತೀಯರ ಠೇವಣಿಯೊಂದಿದೆ, ಅದರ ಬಡ್ಡಿಗೆ ತೆರಿಗೆ ಇಲ್ಲ ಎಂದುಬಿಟ್ಟೆ. ತೆರಿಗೆ ಇಲ್ಲದಿರುವುದು ಭಾರತದಲ್ಲಿ. ಇಲ್ಲಿ ಅದನ್ನು ತೋರಿಸಲೇಬೇಕು ಎಂದು ಅವರು ಸಮಾಧಾನವಾಗಿ ತಿಳಿಸಿದರು. ಅದಕ್ಕಿಂತ ಮುಖ್ಯವಾಗಿ, ಬಡ್ಡಿ ಮತ್ತು ಡಿವಿಡೆಂಡ್‌ನಂಥ ಹೂಡಿಕೆಯ ಆದಾಯ 2024ರಲ್ಲಿ 11,600 ಡಾಲರ್ ಮೀರಿದ್ದರೆ ಈ ಕ್ರೆಡಿಟ್ ಒಂದು ಡಾಲರೂ ಸಿಗುತ್ತಿರಲಿಲ್ಲ. ನಮ್ಮ ಬಡ್ಡಿ ಇನ್ನೂರು ಡಾಲರೂ ಇರಲಿಲ್ಲವಾದ್ದರಿಂದ ಅಡ್ಡಿಯಾಗಲಿಲ್ಲ. ಊರಿನಲ್ಲಿ ಸೈಟು ಮಾರಿದ ಹಣವನ್ನು ಠೇವಣಿ ಇಟ್ಟವರು ಈ ಮಿತಿಯನ್ನು ನೆನಪಿಡಬೇಕು. ವಿದೇಶಿ ಖಾತೆಗಳಲ್ಲಿನ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ ಎಂಬ ಬೇರೆಯೇ ವರದಿ ಸಲ್ಲಿಸಬೇಕಾಗುತ್ತದೆ. ಅದನ್ನು ತಾವು ಮಾಡಿಕೊಡುವುದಿಲ್ಲವೆಂದೂ ಮೊದಲೇ ಹೇಳಿದರು. ನಮ್ಮ ಪಕ್ಕದ ಮೇಜಿನಲ್ಲಿ ಭಾರತದ ಮ್ಯೂಚುವಲ್ ಫಂಡ್ ಇದ್ದವರೊಬ್ಬರನ್ನು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸ್ ಕಳಿಸಿದ್ದನ್ನೂ ನೋಡಿದೆ. ಗೊತ್ತಿಲ್ಲದ್ದಕ್ಕೆ ಕೈ ಹಾಕದಿರುವುದು ಒಳ್ಳೆಯ ಗುಣವೇ, ಆದರೆ ಅವರು ಎಲ್ಲಿಗೆ ಹೋಗಬೇಕೆಂದು ಒಂದು ಚೀಟಿಯಲ್ಲಾದರೂ ಬರೆದುಕೊಡಬಹುದಿತ್ತು.

ನಮ್ಮವರನ್ನು ಕಾಡುವ ಇನ್ನೊಂದು ನಿಯಮವಿದೆ. ದಂಪತಿ ಒಟ್ಟಿಗೆ ರಿಟರ್ನ್ ಸಲ್ಲಿಸುವಾಗ ಇಬ್ಬರಿಗೂ ಕೆಲಸಕ್ಕೆ ಮಾನ್ಯವಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು. ಅವಲಂಬಿತ ವೀಸಾದ ಮೇಲೆ ಬಂದ ಹೆಂಡತಿಗೆ ತೆರಿಗೆ ಸಲ್ಲಿಕೆಗೆಂದೇ ಕೊಡುವ ಐಟಿನ್ ಸಂಖ್ಯೆ ಮಾತ್ರ ಇದ್ದರೆ, ಗಂಡನ ಸಂಬಳ ಎಷ್ಟೇ ಕಡಿಮೆಯಿರಲಿ, ಮಕ್ಕಳು ಇಲ್ಲಿಯೇ ಹುಟ್ಟಿರಲಿ, ಈ ಕ್ರೆಡಿಟ್ ದೊರೆಯುವುದಿಲ್ಲ. ಅದೇ ತೆರಿಗೆ ಕಟ್ಟುವ ಮನೆಗೆ ಅದೇ ನೆರವು ಇಲ್ಲವೆನ್ನುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಕ್ರೆಡಿಟ್‌ನ ಲೆಕ್ಕವನ್ನು ಆ ಅಮ್ಮನವರು ಕಾಗದದ ಮೇಲೆ ಒಂದು ಗುಡ್ಡದ ಚಿತ್ರ ಬರೆದು ತೋರಿಸಿದರು. ಇಬ್ಬರು ಮಕ್ಕಳಿರುವ ಮನೆಗೆ ದುಡಿದ ಪ್ರತಿ ಡಾಲರ್‌ಗೆ 40 ಸೆಂಟ್‌ನಂತೆ ಕ್ರೆಡಿಟ್ ಏರುತ್ತ ಹೋಗುತ್ತದೆ. 2024ರಲ್ಲಿ 6,960 ಡಾಲರ್ ತಲುಪಿದ ಮೇಲೆ ಸ್ವಲ್ಪ ದೂರ ಮಟ್ಟಸವಾಗಿರುತ್ತದೆ. ದಂಪತಿಯ ಆದಾಯ 29,640 ದಾಟಿದ ಬಳಿಕ ಪ್ರತಿ ಡಾಲರ್‌ಗೆ ಸುಮಾರು 21 ಸೆಂಟ್‌ನಂತೆ ಇಳಿದು, 62,688ರ ಹತ್ತಿರ ಸೊನ್ನೆಯಾಗುತ್ತದೆ. ನಾವು ಇಳಿಜಾರಿನಲ್ಲಿದ್ದೆವು. ನಮಗೆ ಬಂದದ್ದು 5,200 ಡಾಲರ್‌ಗೆ ಹತ್ತಿರ. ಕಟ್ಟಬೇಕಾದ ತೆರಿಗೆಗಿಂತ ಕ್ರೆಡಿಟ್ ಹೆಚ್ಚಿದ್ದರೆ ಉಳಿದದ್ದನ್ನು ನಗದಾಗಿಯೇ ಕೊಡುತ್ತಾರೆ ಎಂಬುದು ಇದರ ಜೀವಾಳ. ಹಾಗಿಲ್ಲದಿದ್ದರೆ ನಮ್ಮಂಥವರಿಗೆ ಇದರಿಂದ ಪ್ರಯೋಜನವೇ ಇರುತ್ತಿರಲಿಲ್ಲ. 1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕಾಲದಲ್ಲಿ, ಸೆನೆಟರ್ ರಸೆಲ್ ಲಾಂಗ್ ಅವರ ಒತ್ತಾಸೆಯಿಂದ, ಗರಿಷ್ಠ 400 ಡಾಲರ್‌ಗೆ ಆರಂಭವಾದ ಈ ವ್ಯವಸ್ಥೆಯ ಮೂಲ ಉದ್ದೇಶಗಳಲ್ಲೊಂದು, ಬಡ ದುಡಿಮೆಗಾರರ ಸಂಬಳದಿಂದ ಮೊದಲ ಡಾಲರಿನಿಂದಲೇ ಮುರಿಯುವ ಪೇರೋಲ್ ತೆರಿಗೆಯ ಭಾರವನ್ನು ತಗ್ಗಿಸುವುದಾಗಿತ್ತು. ನಮ್ಮ ಸಂಬಳದಿಂದ 7.65 ಶೇಕಡಾ ದರದಲ್ಲಿ ಆ ವರ್ಷ ಮುರಿದದ್ದು 2,900 ಡಾಲರ್. ಹಾಗಾಗಿ ಬಂದ ಹಣದಲ್ಲಿ ಅರ್ಧಕ್ಕೂ ಹೆಚ್ಚು ನಮ್ಮದೇ ಹಣ ಹಿಂದಿರುಗಿದಂತೆ ಎಂದು ತಿಳಿದಾಗ ನನ್ನ ಪತಿಯ ಮುಖದಲ್ಲಿದ್ದ ಅಳುಕು ಸ್ವಲ್ಪ ಕಡಿಮೆಯಾಯಿತು.

ಅದರ ಮೇಲೆ ಮಕ್ಕಳ ಲೆಕ್ಕದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಕಟ್ಟಬೇಕಾದ ತೆರಿಗೆ ಕಳೆದು ಉಳಿದದ್ದು 3,120, ಸಂಬಳದಲ್ಲಿ ಮೊದಲೇ ಮುರಿದಿದ್ದ ಆದಾಯ ತೆರಿಗೆ ಸ್ವಲ್ಪ. ಎಲ್ಲ ಸೇರಿ ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ರಿಫಂಡ್ 8,900 ಡಾಲರ್‌ಗಳ ಆಸುಪಾಸು ಎಂದಾಯಿತು. ನ್ಯೂಜೆರ್ಸಿ ರಾಜ್ಯ ಫೆಡರಲ್ ಕ್ರೆಡಿಟ್‌ನ 40 ಶೇಕಡಾವನ್ನು ತನ್ನ ಪಾಲಾಗಿ ಕೊಡುತ್ತದೆ. ಅದು ಇನ್ನೊಂದು 2,080. ರಿಟರ್ನ್ ಮುಗಿದ ಮೇಲೆ ಇನ್ನೊಬ್ಬ ಸ್ವಯಂಸೇವಕರು ಬಂದು ಪ್ರತಿ ಸಾಲನ್ನೂ ಮೂಲ ಕಾಗದದೊಂದಿಗೆ ತಾಳೆ ನೋಡಿದರು, ನಮ್ಮಿಬ್ಬರ ಸಹಿ ಪಡೆದರು. ಶುಲ್ಕವಿಲ್ಲ. ತೆಗೆದುಕೊಂಡು ಹೋಗಿದ್ದ ಕೋಡುಬಳೆಯ ಡಬ್ಬಿಯನ್ನೂ ನಿಯಮವಲ್ಲವೆಂದು ನಯವಾಗಿ ಹಿಂದಿರುಗಿಸಿದರು.

ಈ ಕ್ರೆಡಿಟ್ ಇರುವ ರಿಫಂಡ್‌ಗಳನ್ನು ಫೆಬ್ರವರಿ ಮಧ್ಯಭಾಗದವರೆಗೆ ಬಿಡುಗಡೆ ಮಾಡಬಾರದೆಂದು ಕಾನೂನಿದೆ. ತಪ್ಪು ಕೇಳಿಕೆಗಳನ್ನು ತಡೆಯಲು 2017ರಿಂದ ಜಾರಿಯಲ್ಲಿರುವ ನಿಯಮವಿದು. ಜನವರಿಯಲ್ಲಿಯೇ ಮುಂಗಡ ಸಾಲ ಕೊಡುತ್ತೇವೆಂದು ಖಾಸಗಿ ಅಂಗಡಿಗಳು ಫಲಕ ಹಾಕುವುದು ಈ ಕಾಯುವಿಕೆಯ ಸಂಕಟವನ್ನು ನಂಬಿಯೇ. ನಾವು ಕಾದೆವು. ಫೆಬ್ರವರಿ 27ರ ಗುರುವಾರ ಬೆಳಗ್ಗೆ, ಮಗನಿಗೆ ಡಬ್ಬಿ ಕಟ್ಟುತ್ತಿದ್ದಾಗ, ಬ್ಯಾಂಕಿನ ಸಂದೇಶ ಬಂತು.

ಆ ಹಣ ಎಲ್ಲಿ ಹೋಯಿತೆಂದು ಹೇಳಬೇಕು, ಏಕೆಂದರೆ ಇಂಥ ಹಣ ಟಿವಿಗೆ, ಚಿನ್ನಕ್ಕೆ ಹೋಗುತ್ತದೆ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಬಾಡಿಗೆಯ ಬಾಕಿ 2,850. ಕ್ರೆಡಿಟ್ ಕಾರ್ಡಿನ 3,100 ಪೂರ್ತಿ. 27 ಶೇಕಡಾ ಬಡ್ಡಿಯಲ್ಲಿ ಅದೊಂದೇ ತಿಂಗಳಿಗೆ 70 ಡಾಲರ್ ನುಂಗುತ್ತಿತ್ತು. ಗ್ಯಾಸ್ ಮತ್ತು ಕರೆಂಟ್ 640. ಕಾರಿನ ಬ್ರೇಕ್ ಮತ್ತು ಎರಡು ಟಯರ್ 780. ಆ ಕಾರಿಲ್ಲದೆ ಪತಿಯ ರಾತ್ರಿ ಪಾಳಿ ಇಲ್ಲ. ಮಗನಿಗೆ ಹಲ್ಲಿನ ವೈದ್ಯರು, ಇಬ್ಬರಿಗೂ ಶೂ. ಸಾವಿರ ಡಾಲರನ್ನು ರಿಟರ್ನ್‌ನಲ್ಲಿಯೇ ಬೇರೆ ಉಳಿತಾಯ ಖಾತೆಗೆ ಹೋಗುವಂತೆ ಭಾಗ ಮಾಡಿಸಿದ್ದೆವು. ಹಾಗೆ ಮಾಡಬಹುದೆಂಬುದನ್ನು ಕೇಂದ್ರದವರೇ ಸೂಚಿಸಿದ್ದರು, ಮತ್ತು ಅವರು ಕೊಟ್ಟ ಸಲಹೆಗಳಲ್ಲಿ ಅತ್ಯುತ್ತಮವಾದದ್ದು ಇದೇ. ಎಂಟು ದಿನಗಳಲ್ಲಿ ಉಳಿದದ್ದೆಲ್ಲ ಖರ್ಚಾಯಿತು. ಆದರೆ ಮಾರ್ಚ್ ಮೊದಲ ವಾರದ ಆ ರಾತ್ರಿ ನಾನು ಎಷ್ಟೋ ತಿಂಗಳ ನಂತರ ಗಡಿಯಾರ ನೋಡದೆ ನಿದ್ದೆ ಮಾಡಿದೆ.

ನಮ್ಮ ತಂದೆಯ ಊರು ಭದ್ರಾ ನಾಲೆಯ ಬಯಲಿನದು. ಭತ್ತದ ಸುಗ್ಗಿ ಮುಗಿದ ವಾರ ಅಪ್ಪ ಕಿರಾಣಿ ಅಂಗಡಿಗೆ ಹೋಗಿ ಉದ್ರಿ ಪುಸ್ತಕದಲ್ಲಿ ನಮ್ಮ ಹೆಸರಿನ ಪುಟದ ಮೇಲೆ ಅಡ್ಡಗೆರೆ ಎಳೆಸಿ ಬರುತ್ತಿದ್ದರು. ಮುಂದಿನ ತಿಂಗಳಿಂದ ಹೊಸ ಪುಟ ಆರಂಭವಾಗುತ್ತಿತ್ತು. ಈ ದೇಶದಲ್ಲಿ ದಿನಗೂಲಿ ಮತ್ತು ಗಂಟೆಕೂಲಿಯ ಮನೆಗಳಿಗೆ ಫೆಬ್ರವರಿಯ ರಿಫಂಡ್ ಸುಗ್ಗಿಯಂತೆಯೇ ಬರುತ್ತದೆ. ಇದು ಬಡತನವನ್ನು ನೀಗಿಸುವುದಿಲ್ಲ, ಆದರೆ ಕೂಡಿಬಿದ್ದ ಬಾಕಿಯನ್ನು ತೀರಿಸುತ್ತದೆ. ಮನೆ ಬಿಡಿಸುವ ನೋಟಿಸು, ಕಡಿತವಾಗುವ ಗ್ಯಾಸು, ಮಾರಬೇಕಾಗುವ ಕಾರು, ಈ ಮೂರರಿಂದ ಒಂದು ವರ್ಷದ ಮಟ್ಟಿಗೆ ಕಾಪಾಡುತ್ತದೆ. ಚಳಿಗಾಲದಲ್ಲಿ ಅರ್ಹ ಮನೆಗಳ ಗ್ಯಾಸ್ ಮತ್ತು ಕರೆಂಟ್ ಕಡಿತ ಮಾಡಬಾರದೆಂಬ ನ್ಯೂಜೆರ್ಸಿಯ ರಕ್ಷಣೆ ಮಾರ್ಚ್ 15ಕ್ಕೆ ಮುಗಿಯುತ್ತದೆ. ರಿಫಂಡ್ ಅದಕ್ಕೆ ಎರಡು ವಾರ ಮೊದಲು ಬಂದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಆ ಬಿಲ್ಲು ಹಿಡಿದವರಿಗೆ ಗೊತ್ತು.

ಆದರೆ ಸುಗ್ಗಿ ವರ್ಷಕ್ಕೆ ಒಂದೇ. ಫೆಡರಲ್ ಮತ್ತು ರಾಜ್ಯದ ಕ್ರೆಡಿಟ್‌ಗಳನ್ನು ಕೂಡಿಸಿ ಹನ್ನೆರಡು ತಿಂಗಳಿಗೆ ಹಂಚಿದರೆ ನಮಗೆ ತಿಂಗಳಿಗೆ 860 ಡಾಲರ್‌ಗೂ ಹೆಚ್ಚು ಬರುತ್ತಿತ್ತು. ಹಾಗೆ ಬಂದಿದ್ದರೆ ಆ ಬಾಕಿಗಳೂ ಆ ಬಡ್ಡಿಯೂ ಹುಟ್ಟುತ್ತಿರಲಿಲ್ಲ. ಇದು ಬರೀ ಊಹೆಯಲ್ಲ. 2021ರ ಜುಲೈಯಿಂದ ಡಿಸೆಂಬರ್‌ವರೆಗೆ ಮಕ್ಕಳ ಕ್ರೆಡಿಟ್‌ನ ಅರ್ಧವನ್ನು ತಿಂಗಳ ಕಂತುಗಳಲ್ಲಿ ಕೊಟ್ಟಿದ್ದರು. ಮಗಳಿಗೆ 300, ಮಗನಿಗೆ 250. ಆ ಆರು ತಿಂಗಳು ನಾವು ದಿನಸಿಗೆ ಕಾರ್ಡ್ ಉಜ್ಜಲಿಲ್ಲ. ದೇಶದ ಲೆಕ್ಕವೂ ಅದನ್ನೇ ಹೇಳಿತು: ಸರ್ಕಾರದ ನೆರವುಗಳನ್ನೂ ಗಣಿಸುವ ಪೂರಕ ಅಳತೆಯಲ್ಲಿ ಮಕ್ಕಳ ಬಡತನ 2021ರಲ್ಲಿ 5.2 ಶೇಕಡಾಕ್ಕೆ ಇಳಿದಿತ್ತು. ಆ ವರ್ಷಕ್ಕಷ್ಟೇ ಇದ್ದ ಮಕ್ಕಳ ಕ್ರೆಡಿಟ್‌ನ ಹೆಚ್ಚಳ ನಿಂತ ಮರುವರ್ಷ 12.4ಕ್ಕೆ ಏರಿತು. ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಅನ್ನು ಮಾಲೀಕರ ಮೂಲಕ ಸಂಬಳದ ಜೊತೆ ಮುಂಗಡವಾಗಿ ಪಡೆಯುವ ಅವಕಾಶ ಹಿಂದೆ ಇತ್ತಂತೆ. ಬಳಸಿದವರು ತೀರ ವಿರಳವಾದ್ದರಿಂದ 2010ರ ಕೊನೆಗೆ ಅದನ್ನು ತೆಗೆದುಹಾಕಿದರು. ಮಾಲೀಕರ ಮುಂದೆ ತಮ್ಮ ಬಡತನವನ್ನು ಬರೆದುಕೊಡಲು ಯಾರಿಗೆ ಮನಸ್ಸಾದೀತು?

ಇಡಿಗಂಟಾಗಿ ಬರುವುದಕ್ಕೂ ಒಂದು ಅರ್ಥವಿದೆ ಎಂದು ನನ್ನ ಪತಿ ವಾದಿಸುತ್ತಾರೆ. ಊರಿನಲ್ಲಿ ಅಮ್ಮ ಚೀಟಿ ಹಾಕುತ್ತಿದ್ದದ್ದು ಕೈಯಲ್ಲಿ ನಿಲ್ಲದ ಹಣ ಗಂಟಾಗಲಿ ಎಂದೇ. ಕಾರಿನ ಟಯರ್ ತಿಂಗಳಿಗೆ ಇಷ್ಟೆಂದು ಬದಲಾಗುವುದಿಲ್ಲ ಎನ್ನುತ್ತಾರೆ. ಅದೂ ಸರಿ. ಅರ್ಧ ಕಂತಿನಲ್ಲಿ, ಅರ್ಧ ಗಂಟಾಗಿ ಆರಿಸಿಕೊಳ್ಳುವ ಅವಕಾಶ ಇರಬೇಕು ಎಂಬಲ್ಲಿಗೆ ನಮ್ಮಿಬ್ಬರ ವಾದ ಬಂದು ನಿಲ್ಲುತ್ತದೆ. ಮಕ್ಕಳಿಲ್ಲದವರ ಸ್ಥಿತಿಯಂತೂ ಬೇರೆಯೇ: ನಮ್ಮ ಕಟ್ಟಡದಲ್ಲಿ ಒಬ್ಬರೇ ಇರುವ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಹಾಸನದ ಕಡೆಯ ಹುಡುಗನಿಗೆ 2024ರಲ್ಲಿ ಗರಿಷ್ಠ ಸಿಗಬಹುದಾಗಿದ್ದುದೇ 632 ಡಾಲರ್, ಅದೂ ಆದಾಯ 18,591ಕ್ಕಿಂತ ಕಡಿಮೆಯಿದ್ದು, ವಯಸ್ಸು 25 ತುಂಬಿದ್ದರೆ. ಅವನಿಗೆ 24. ಹದಿನೆಂಟು ತುಂಬಿದವರಿಗೂ ತನ್ನ ಪಾಲನ್ನು ಕೊಡುವ ನಿಯಮ ನಮ್ಮ ರಾಜ್ಯದಲ್ಲಿರುವುದನ್ನು ಕೇಂದ್ರದವರು ಅವನಿಗೆ ತಿಳಿಸಿ, ಅದನ್ನಾದರೂ ಕೊಡಿಸಿದರು. ಅರ್ಹರಲ್ಲಿ ಐವರಿಗೆ ಒಬ್ಬರು ಈ ಕ್ರೆಡಿಟ್ ಕೇಳುವುದೇ ಇಲ್ಲವೆಂದು ಐಆರ್‌ಎಸ್ ಹೇಳುತ್ತದೆ. ರಾಜ್ಯದ ಪಾಲಿನ ಮಟ್ಟಿಗೆ ಇವನೂ ಅಂಥವನೇ ಆಗಿದ್ದ.

ಕೇಂದ್ರದ ಕೊರತೆಗಳನ್ನೂ ಹೇಳುತ್ತೇನೆ. ಜನವರಿಯಲ್ಲಿ ಸಮಯ ಕಾಯ್ದಿರಿಸುವ ಫೋನ್ ತೆರೆದ ಎರಡು ಮೂರು ದಿನಗಳಲ್ಲಿ ಫೆಬ್ರವರಿಯ ಶನಿವಾರಗಳೆಲ್ಲ ತುಂಬಿಬಿಡುತ್ತವೆ. ಉಳಿದ ದಿನ ಬುಧವಾರ ಮಧ್ಯಾಹ್ನ. ಗಂಟೆಕೂಲಿಯವರು ಆ ಹೊತ್ತಿಗೆ ಬರಬೇಕೆಂದರೆ ಅರ್ಧ ದಿನದ ಸಂಬಳ ಬಿಡಬೇಕು, ಅದರಲ್ಲೂ ಗಂಡ ಹೆಂಡತಿ ಇಬ್ಬರೂ ಸಹಿಗೆ ಬರಬೇಕು. ಏನೇನು ಕಾಗದ ತರಬೇಕೆಂಬ ಪಟ್ಟಿಯನ್ನು ಫೋನಿನಲ್ಲಿ ಅವಸರವಾಗಿ ಓದುತ್ತಾರೆ. ಸಂದೇಶವಾಗಿ ಕಳಿಸಿದ್ದರೆ ನಮ್ಮ ಮೊದಲ ಶನಿವಾರ ವ್ಯರ್ಥವಾಗುತ್ತಿರಲಿಲ್ಲ. ಮಕ್ಕಳನ್ನು ಕೂರಿಸಲು ಜಾಗವಿಲ್ಲ. ಸ್ಪ್ಯಾನಿಷ್ ಬಲ್ಲವರು ಇಬ್ಬರಿದ್ದಾರೆ. ಇಷ್ಟೊಂದು ಭಾರತೀಯರಿರುವ ಪ್ರದೇಶದಲ್ಲಿ ನಮ್ಮ ಭಾಷೆಗಳನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಪೂರ್ತಿಯಾಗಿ ಈ ಸಮಯದ ತೊಂದರೆಗೆ, ಅಲ್ಲಿನ ಜನರಿಗಲ್ಲ.

ಈ ವರ್ಷ ಮೊದಲ ಭೇಟಿಯಲ್ಲಿಯೇ ಕೆಲಸ ಮುಗಿಯಿತು. ಪತಿಯ ಗಂಟೆಗಳು ಮರಳಿ ಬಂದು 2025ರ ದುಡಿಮೆ 46,000 ಆಗಿದ್ದರಿಂದ ಕ್ರೆಡಿಟ್ ಸುಮಾರು 3,880ಕ್ಕೆ ಇಳಿಯಿತು. ಆದಾಯ ಎಂಟು ಸಾವಿರ ಏರಿ ನೆರವು ಸಾವಿರದ ಮುನ್ನೂರು ಇಳಿದದ್ದನ್ನು ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಬಾಡಿಗೆಯ ಬಾಕಿ ಈ ಸಲ ಇಲ್ಲ, ಕಾರ್ಡಿನಲ್ಲಿ 900 ಡಾಲರ್ ಇದೆ. ಹೋಗುವವರು ನಾಲ್ಕು ವಿಷಯ ಮರೆಯಬೇಡಿ: ಮನೆಯವರೆಲ್ಲರ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಮೂಲಪ್ರತಿ, ಹಿಂದಿನ ವರ್ಷದ ರಿಟರ್ನ್, ಊರಿನ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಹಣ ಜಮೆಯಾಗಬೇಕಾದ ಖಾತೆಗಳ ಸಂಖ್ಯೆ. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ವರ್ಷ ಈ ಕ್ರೆಡಿಟ್ ಕೇಳದೆ ಬಿಟ್ಟಿದ್ದರೆ ಆ ವರ್ಷದ ಕಾಗದಗಳನ್ನೂ ಒಯ್ಯಿರಿ, ಅದನ್ನು ಈಗಲೂ ಕೇಳಬಹುದು. ಹಾಸನದ ಹುಡುಗ ಮುಂದಿನ ಚಳಿಗಾಲಕ್ಕೆ ಸ್ವಯಂಸೇವಕರ ಪರೀಕ್ಷೆ ಬರೆಯುವುದಾಗಿ ಹೆಸರು ಕೊಟ್ಟು ಬಂದಿದ್ದಾನೆ. ಅವನು ತೇರ್ಗಡೆಯಾದರೆ ಆ ನೆಲಮಾಳಿಗೆಯ ಒಂದು ಮೇಜಿನಲ್ಲಿ ಕನ್ನಡ ಕೇಳಿಸುತ್ತದೆ.